ತಾಳ ಕಲಿಸೋಕೆ ತಬಲಾ ಬೇಕಿಲ್ಲ

"ನಮ್ಮ ಪುಟ್ಟನಿಗೆ ತಾಳವೇ ಕೂರಲ್ಲ ಕಣ್ರೀ" ಅಂತ ಎಷ್ಟೋ ಅಮ್ಮಂದಿರು ಕೊರಗುತ್ತಾರೆ. ಮೂರು-ನಾಲ್ಕು ವರ್ಷದ ಮಗುವಿನ ಚಪ್ಪಾಳೆ ಹಾಡಿಗಿಂತ ಮುಂದೆ ಓಡುವುದು ಸಹಜ. ಪುಟಾಣಿಗಳ ವೇಗವೇ ನಮಗಿಂತ ಹೆಚ್ಚು, ನಿಧಾನದ ತಾಳ ಅವರಿಗೆ ಕಷ್ಟ. ಹಾಗಾಗಿ ಮೊದಲು ನೀವೇ ಅದರ ಓಟಕ್ಕೆ ಹೊಂದಿಕೊಂಡು ಚಪ್ಪಾಳೆ ತಟ್ಟಿ. ಕೈ ಕೂಡಿದ ಮೇಲೆ ಸ್ವಲ್ಪ ಸ್ವಲ್ಪವೇ ನಿಧಾನ ಮಾಡಿ. ಈಗಲೇ ದುಬಾರಿ ವಾದ್ಯ, ಕ್ಲಾಸು ಅಂತ ಓಡಬೇಡಿ.

ಆಮೇಲೆ ಬಾಯಿತಾಳ. "ತಕಿಟ" ಅಂದರೆ ಮೂರು, "ತಕಧಿಮಿ" ಅಂದರೆ ನಾಲ್ಕು. ಚಪಾತಿ ಲಟ್ಟಿಸುತ್ತಲೇ ಹೇಳಿಕೊಡಬಹುದು. ಆದಿತಾಳದ ಎಂಟು ಎಣಿಕೆಗೆ "ತಕಧಿಮಿ" ಎರಡು ಸಲ ಹೇಳಿಸಿ, ಪ್ರತಿ ಸಲ "ತ" ಬಂದಾಗ ಮಾತ್ರ ಡಬ್ಬ ಬಡಿಯಲಿ. ಪ್ಲಾಸ್ಟಿಕ್ ಡಬ್ಬವೇ ವಾಸಿ, ಮಧ್ಯಾಹ್ನ ಮಲಗಿದ ಅತ್ತೆಯವರಿಗೂ ನೆಮ್ಮದಿ! ಐದು ನಿಮಿಷ ಸಾಕು. ಮಗು ಎದ್ದು ಹೋದರೆ ಬಿಟ್ಟುಬಿಡಿ.

ರಜೆಯಲ್ಲಿ ಬೇಲೂರು, ಹಳೇಬೀಡಿಗೆ ಕರೆದೊಯ್ಯಿರಿ. ಅರಸೀಕೆರೆಯವರಿಗಂತೂ ಬೆಳಗ್ಗೆ ಹೋಗಿ ಸಂಜೆ ಬರುವ ದೂರ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿಯಲ್ಲೂ ಹೊಯ್ಸಳೇಶ್ವರ ಗುಡಿಯ ಗೋಡೆಗಳಲ್ಲೂ ಕುಣಿಯುವವರು, ವಾದ್ಯ ನುಡಿಸುವವರು ತುಂಬಿದ್ದಾರೆ. "ಮದ್ದಳೆಯವರು ಎಷ್ಟು ಜನ ಸಿಕ್ಕರು?" ಅಂತ ಮಗುವಿನಿಂದಲೇ ಹುಡುಕಿಸಿ. ಅವರ ಕೈ ನೋಡಿ ಅದೂ "ತಕಧಿಮಿ" ಶುರು ಮಾಡಲಿ, ಶಿಲ್ಪ ಮುಟ್ಟದೆ.

ಇನ್ನೊಂದು ಮಾತು. ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೂ ಮಗು ತಿರುಗಿ ನೋಡದಿದ್ದರೆ ತಾಳದ ಯೋಚನೆ ಬಿಟ್ಟು ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪುಟ್ಟ ಮಕ್ಕಳಿಗೂ ಈ ಪರೀಕ್ಷೆ ಮಾಡುತ್ತಾರೆ.