ನಡುವೆ ಕಂಬವಿಲ್ಲದ ಚಾವಣಿ: ಸವಾರಿ ಅಂಗಣದ ಭೌತವಿಜ್ಞಾನ

ಕುದುರೆಯನ್ನು ಪಳಗಿಸಲು ಬಯಲು ಇದ್ದರೆ ಸಾಕು ಎಂದು ನಮಗೆ ಅನ್ನಿಸುವುದು ಸಹಜ. ಆದರೆ ತಿಂಗಳುಗಟ್ಟಲೆ ಹಿಮ, ಮಳೆ, ಕೆಸರು ಕಾಡುವ ಯೂರೋಪಿನಲ್ಲಿ ಬಯಲನ್ನು ನಂಬುವಂತಿಲ್ಲ. ಆದ್ದರಿಂದ ಅಲ್ಲಿ ಚಾವಣಿಯುಳ್ಳ ಸವಾರಿ ಅಂಗಣಗಳು ಬಹಳ ಹಿಂದೆಯೇ ಹುಟ್ಟಿಕೊಂಡವು. ವಿಯೆನ್ನಾ ನಗರದ ಚಳಿಗಾಲದ ಸವಾರಿ ಶಾಲೆ 1735ರಲ್ಲಿ ಪೂರ್ಣಗೊಂಡಿತು. ಅದರ ಅಂಗಣ 55 ಮೀಟರ್ ಉದ್ದ, 18 ಮೀಟರ್ ಅಗಲ. 1817ರಲ್ಲಿ ಮಾಸ್ಕೋದಲ್ಲಿ ಎಂಜಿನಿಯರ್ ಅಗಸ್ಟಿನ್ ಡಿ ಬೆಟಾಂಕೂರ್ ಇನ್ನೂ ದೊಡ್ಡ ಸಾಹಸ ಮಾಡಿದ. ಸುಮಾರು 45 ಮೀಟರ್ ಅಗಲವನ್ನು ಮಧ್ಯದಲ್ಲಿ ಒಂದೂ ಕಂಬವಿಲ್ಲದೆ ಮರದ ಟ್ರಸ್‌ಗಳಿಂದ ಮುಚ್ಚಿದ.

ಇಂದು ಇಂಥ ಅಂಗಣಗಳನ್ನು ಬಹುಮಟ್ಟಿಗೆ ಉಕ್ಕಿನ ಚೌಕಟ್ಟುಗಳಿಂದ ಕಟ್ಟುತ್ತಾರೆ. ಉಕ್ಕು ಬಲಶಾಲಿ, ಕೆಲಸ ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೆ ಮಧ್ಯದ ಕಂಬವನ್ನು ತೆಗೆದಾಗ ಅದು ಹೊರುತ್ತಿದ್ದ ಭಾರ ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಅಂಗಣದ ಯೋಜನೆ.

ಅಳತೆ ಹೇಳುವುದು ಕುದುರೆ

ಡ್ರೆಸಾಜ್ ಎಂಬ ಶಿಸ್ತಿನ ಸವಾರಿ ಸ್ಪರ್ಧೆಗೆ ಗೊತ್ತುಪಡಿಸಿದ ಅಂಗಣ 60 ಮೀ x 20 ಮೀ. ಸುತ್ತ ಓಡಾಡಲು ಸ್ಥಳ ಬಿಟ್ಟರೆ ಕಟ್ಟಡದ ಒಳ ಅಳತೆ 66 ಮೀ x 24 ಮೀ ಎಂದಿಟ್ಟುಕೊಳ್ಳೋಣ. ಓಡುವ ಕುದುರೆಗೆ ನಡುವಿನ ಕಂಬ ಅಪಾಯಕಾರಿ. ಆದ್ದರಿಂದ 24 ಮೀಟರನ್ನು ಒಂದೇ ನೆಗೆತಕ್ಕೆ ದಾಟಬೇಕು.

ಎತ್ತರವೂ ಹೀಗೆಯೇ ನಿರ್ಧಾರವಾಗುತ್ತದೆ. ಕುದುರೆಯ ಮೇಲೆ ಕುಳಿತ ಸವಾರನ ತಲೆ ನೆಲದಿಂದ ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿರುತ್ತದೆ. ಕುದುರೆ ಅಡೆತಡೆಯನ್ನು ಜಿಗಿದಾಗ ಅದು ನಾಲ್ಕು ಮೀಟರಿನ ಹತ್ತಿರಕ್ಕೆ ಹೋಗಬಹುದು. ಆದ್ದರಿಂದ ಚಾವಣಿಯ ಅಂಚನ್ನು 5 ಮೀಟರ್ ಎತ್ತರದಲ್ಲಿಡೋಣ. 6 ಮೀಟರಿಗೊಂದು ಚೌಕಟ್ಟು ನಿಲ್ಲಿಸಿದರೆ 66 ಮೀಟರಿಗೆ 12 ಚೌಕಟ್ಟುಗಳು ಬೇಕು.

ಅಗಲದ ವರ್ಗ

ತಗಡು, ಅದನ್ನು ಹೊರುವ ಅಡ್ಡಪಟ್ಟಿಗಳು, ತೊಲೆ ಎಲ್ಲ ಸೇರಿ ಚಾವಣಿಯ ಸ್ವಂತ ತೂಕವನ್ನು ಚದರ ಮೀಟರಿಗೆ 250 ನ್ಯೂಟನ್ ಎಂದು ಭಾವಿಸೋಣ. ಒದ್ದೆ ಹಿಮದ ಸಾಂದ್ರತೆ ಘನ ಮೀಟರಿಗೆ 300 ಕಿಗ್ರಾಂ ಎಂದುಕೊಂಡರೆ 30 ಸೆಂಮೀ ದಪ್ಪದ ಹಿಮ ಚದರ ಮೀಟರಿಗೆ 90 ಕಿಗ್ರಾಂ, ಅಂದರೆ ಸುಮಾರು 900 ನ್ಯೂಟನ್ ತೂಗುತ್ತದೆ. ಚಾವಣಿಗಿಂತ ಅದರ ಮೇಲಿನ ಹಿಮವೇ ಮೂರು ಪಟ್ಟಿಗೂ ಹೆಚ್ಚು ಭಾರ! ಒಟ್ಟು 1150 ನ್ಯೂಟನ್. ಪ್ರತಿ ಚೌಕಟ್ಟೂ 6 ಮೀಟರ್ ಅಗಲದ ಪಟ್ಟಿಯನ್ನು ಹೊರುವುದರಿಂದ ತೊಲೆಯ ಪ್ರತಿ ಮೀಟರಿಗೆ 6900 ನ್ಯೂಟನ್ ಭಾರ ಬೀಳುತ್ತದೆ.

ಎರಡು ತುದಿಗಳಲ್ಲಿ ಸುಮ್ಮನೆ ಒರಗಿಸಿದ ತೊಲೆಯನ್ನು ಗರಿಷ್ಠವಾಗಿ ಬಾಗಿಸುವ ಭ್ರಾಮಕ ಅದರ ಮಧ್ಯದಲ್ಲಿರುತ್ತದೆ. ಅದರ ಬೆಲೆ: ಪ್ರತಿ ಮೀಟರಿನ ಭಾರ x ಅಗಲದ ವರ್ಗ ÷ 8. ನಮ್ಮ ತೊಲೆಗೆ ಇದು 6900 x 576 ÷ 8, ಅಂದರೆ ಸುಮಾರು 5 ಲಕ್ಷ ನ್ಯೂಟನ್-ಮೀಟರ್. ನಡುವೆ ಕಂಬ ನೆಟ್ಟು 12 ಮೀಟರಿನ ಎರಡು ತೊಲೆಗಳನ್ನು ಇಟ್ಟಿದ್ದರೆ ಪ್ರತಿಯೊಂದರಲ್ಲೂ ಅದು ಒಂದೂಕಾಲು ಲಕ್ಷ ಮಾತ್ರ. ಒಂದು ಕಂಬ ತೆಗೆದದ್ದಕ್ಕೆ ನಾಲ್ಕು ಪಟ್ಟು ದಂಡ. ತೊಲೆಯ ಜೋಲುವಿಕೆ ಅಗಲದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುವುದರಿಂದ, ಅದೇ ತೊಲೆಯನ್ನು ಬಳಸಿದರೆ, ಜೋಲುವುದು ಹದಿನಾರು ಪಟ್ಟು!

ಮಾಸ್ಕೋದ ಕಟ್ಟಡ ಈ ದಂಡವನ್ನು ತೆತ್ತಿತು. ಕೆಲವೇ ವರ್ಷಗಳಲ್ಲಿ ಟ್ರಸ್‌ಗಳಲ್ಲಿ ಬಿರುಕು ಕಾಣಿಸಿಕೊಂಡಿತು. 1820ರ ದಶಕದಲ್ಲಿ ಅವುಗಳ ಸಂಖ್ಯೆಯನ್ನು 30ರಿಂದ 45ಕ್ಕೆ ಏರಿಸಬೇಕಾಯಿತು. ಉಕ್ಕು ಬಂದ ಮೇಲೂ ಹಿಮ ಕರುಣೆ ತೋರಿಲ್ಲ. 2006ರ ಜನವರಿ 28ರಂದು ಪೋಲೆಂಡಿನ ಕಾಟೊವಿಟ್ಸೆಯಲ್ಲಿ ಪಾರಿವಾಳಗಳ ಪ್ರದರ್ಶನ ನಡೆಯುತ್ತಿದ್ದ ಉಕ್ಕಿನ ಸಭಾಂಗಣದ ಚಾವಣಿ ಹಿಮ ಹೊತ್ತು ಕುಸಿದು 65 ಜನ ಸತ್ತರು.

ಮೂಲೆಯನ್ನು ಬಿಗಿದರೆ?

ಕಂಬವನ್ನೂ ತೊಲೆಯನ್ನೂ ಮೂಲೆಯಲ್ಲಿ ಅಲುಗದಂತೆ ಬಿಗಿದು ಒಂದೇ ಚೌಕಟ್ಟು ಮಾಡಿದರೆ ಮಧ್ಯದ ಭಾರವನ್ನು ಮೂಲೆಗಳು ಹಂಚಿಕೊಳ್ಳುತ್ತವೆ. ಚಾವಣಿಯ ಇಳಿಜಾರನ್ನು ಸದ್ಯಕ್ಕೆ ಬದಿಗಿಟ್ಟರೆ, ಮಧ್ಯದ ಭ್ರಾಮಕ ಮತ್ತು ಮೂಲೆಯ ಭ್ರಾಮಕಗಳ ಮೊತ್ತ ಅದೇ 5 ಲಕ್ಷ. ಮೂಲೆ 3 ಲಕ್ಷ ಹೊತ್ತರೆ ಮಧ್ಯಕ್ಕೆ 2 ಲಕ್ಷ ಉಳಿಯುತ್ತದೆ. ಗೋದಾಮುಗಳಲ್ಲಿ ಉಕ್ಕಿನ ಚೌಕಟ್ಟುಗಳು ಮೂಲೆಯ ಬಳಿ ದಪ್ಪಗೆ, ನಡುವೆ ತೆಳ್ಳಗೆ ಇರುವುದನ್ನು ನೀವು ನೋಡಿರಬಹುದು. ಕಾರಣ ಇದೇ.

ಆದರೆ ಇಲ್ಲಿಯೂ ಬೆಲೆ ತೆರಬೇಕು. ಮೂಲೆಯ ಭ್ರಾಮಕವನ್ನು ಸರಿದೂಗಿಸಲು ಕಂಬದ ಬುಡ ಅಡ್ಡಬಲ ಒದಗಿಸಬೇಕು. 3 ಲಕ್ಷವನ್ನು ಕಂಬದ ಎತ್ತರ 5 ಮೀಟರಿನಿಂದ ಭಾಗಿಸಿ: 60,000 ನ್ಯೂಟನ್. ಪ್ರತಿ ಕಂಬದ ಬುಡವೂ ಸುಮಾರು 6 ಟನ್ ತೂಕದಷ್ಟು ಬಲದಿಂದ ಹೊರಕ್ಕೆ ಜಾರಲು ಹವಣಿಸುತ್ತದೆ! ಎರಡು ಕಂಬಗಳನ್ನು ಮೇಲೆ ಸರಳಿನಿಂದ ಬಿಗಿಯೋಣವೆಂದರೆ ಅದು ಸವಾರನ ತಲೆಯ ಮೇಲಿನ ಜಾಗವನ್ನು ಕಿತ್ತುಕೊಳ್ಳುತ್ತದೆ. ಆದ್ದರಿಂದ ತಳಪಾಯವೇ ಇದನ್ನು ತಡೆಯಬೇಕು, ಇಲ್ಲವೇ ಸರಳನ್ನು ಗೊರಸು ತಾಗದಷ್ಟು ಆಳದಲ್ಲಿ ನೆಲದಡಿ ಹೂಳಬೇಕು.

ಎತ್ತಿಕೊಂಡು ಹೋಗುವ ಗಾಳಿ

ಹಿಮವಿಲ್ಲದ ನಮ್ಮ ನಾಡಿನಲ್ಲಿ ಈ ಚಾವಣಿ ಸುರಕ್ಷಿತವೆ? ಬೇಸಗೆಯ ಕೊನೆಯ ಗಾಳಿಮಳೆಗೆ ಶಾಲೆಯ ತಗಡು ಹಾರಿಹೋದುದನ್ನು ನೋಡಿದವರು ಹೌದು ಎನ್ನಲಾರರು.

ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ನಿಗದಿಯಾದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಗಾಳಿಯ ಒತ್ತಡ ಅದರ ಸಾಂದ್ರತೆಯ ಅರ್ಧ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧ: 0.6 x 33 x 33, ಅಂದರೆ ಚದರ ಮೀಟರಿಗೆ ಸುಮಾರು 650 ನ್ಯೂಟನ್. ಗೋಡೆಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮಿ ಚಾವಣಿಯ ಅಂಚಿನಲ್ಲಿ ಮೇಲ್ಮೈಯನ್ನು ಬಿಟ್ಟು ಬೇರ್ಪಡುತ್ತದೆ. ಅಲ್ಲಿ ಒತ್ತಡ ಕುಸಿದು ಚಾವಣಿ ಮೇಲಕ್ಕೆ ಹೀರಲ್ಪಡುತ್ತದೆ. ಗಾಳಿಗೆ ಎದುರಾದ ದೊಡ್ಡ ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ನೂಕುತ್ತದೆ. ಇವೆರಡರ ಒಟ್ಟು ಪರಿಣಾಮವನ್ನು ಮೂಲ ಒತ್ತಡದ 1.4 ಪಟ್ಟು ಎಂದುಕೊಂಡರೆ ಸುಮಾರು 910 ನ್ಯೂಟನ್ ಆಯಿತು. ಚಾವಣಿಯ ತೂಕ 250 ಮಾತ್ರ! ಉಳಿದ 660 ನ್ಯೂಟನ್ ನೇರ ಮೇಲಕ್ಕೆ.

ಒಂದು ಚೌಕಟ್ಟಿನ ಪಾಲಿನ ಚಾವಣಿ 6 x 24 = 144 ಚದರ ಮೀಟರ್. ಪ್ರತಿ ಕಂಬವನ್ನೂ ಕೀಳುವ ಬಲ ಸುಮಾರು 47,500 ನ್ಯೂಟನ್. ಇದನ್ನು ತೂಕದಿಂದಲೇ ಹಿಡಿದಿಡಲು ಬೇಕಾದ ಕಾಂಕ್ರೀಟು ಸುಮಾರು 2 ಘನ ಮೀಟರ್, ಅದೂ ಸುರಕ್ಷತೆಯ ಅಂಚನ್ನು ಸೇರಿಸದೆ. ತಳಪಾಯ ಕಟ್ಟಡವನ್ನು ಹೊರುವುದಕ್ಕೆ ಎಂದು ನಾವು ಕಲಿಸುತ್ತೇವೆ. ಹಗುರ ಕಟ್ಟಡದಲ್ಲಿ ಅದು ಕಟ್ಟಡ ಹಾರದಂತೆ ಹಿಡಿಯುವ ಲಂಗರು ಕೂಡ ಹೌದು. ಬಾಗಿಲು ಮುಚ್ಚಿದ್ದರೆ ಒಳಗಿನ ನೂಕು ಬಹಳಷ್ಟು ಇಳಿಯುತ್ತದೆ; ಆದರೆ ಬಿರುಗಾಳಿ ಬಂದಾಗ ಬಾಗಿಲು ಮುಚ್ಚಿರುತ್ತದೆ ಎಂದು ನಂಬಿ ಲೆಕ್ಕ ಹಾಕಬಾರದು.

ಉದ್ದಕ್ಕೂ ಬೀಸುವ ಗಾಳಿಗೆ 12 ಚೌಕಟ್ಟುಗಳು ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ವಾಲಬಹುದು. ಇದಕ್ಕೆ ಮದ್ದು ತ್ರಿಭುಜ. ಆಯತದ ಮೂಲೆಗಳು ಅಲುಗಬಲ್ಲವು. ಭುಜಗಳ ಉದ್ದ ಬದಲಾಗದೆ ತ್ರಿಭುಜದ ಆಕಾರ ಬದಲಾಗದು. ಆದ್ದರಿಂದ ಕೆಲವು ಅಂಕಣಗಳಲ್ಲಿ, ಗೋಡೆಗೂ ಚಾವಣಿಗೂ, ಕತ್ತರಿಯಾಕಾರದ ಸರಳುಗಳನ್ನು ಬಿಗಿಯುತ್ತಾರೆ.

ಮರೆಯಬಾರದ ಕೆಲವು

ತಾಪ 30 ಡಿಗ್ರಿ ಸೆಲ್ಸಿಯಸ್ ಏರಿದರೆ 66 ಮೀಟರ್ ಉಕ್ಕು ಸುಮಾರು 24 ಮಿಮೀ ಹಿಗ್ಗುತ್ತದೆ, ಅದಕ್ಕೆ ಅವಕಾಶವಿರಬೇಕು. ಕುದುರೆಯ ಉಸಿರು ಮತ್ತು ಧೂಳು ಏಳದಂತೆ ಚಿಮುಕಿಸಿದ ನೀರಿನ ಆವಿ ತಣ್ಣನೆಯ ತಗಡಿನಡಿ ಹನಿಗಟ್ಟಿ ತುಕ್ಕಿಗೆ ದಾರಿಮಾಡುತ್ತದೆ; ಚಾವಣಿಯ ನೆತ್ತಿಯಲ್ಲಿ ಗಾಳಿಕಿಂಡಿ ಬೇಕು. ನೆಲದ ಮೇಲೆ ಬಿಸಿಲಿನ ಪಟ್ಟೆಗಳು ಬಿದ್ದರೆ ಕುದುರೆ ಬೆದರಬಹುದು. ಬೆಳಕು ಚದರಿ ಬರಬೇಕು. ಕಂಬಗಳಿಗೆ ಸವಾರನ ಮೊಣಕಾಲು ತಗಲದಂತೆ ಒಳಬದಿಗೆ ಇಳಿಜಾರಾದ ಹಲಗೆಗೋಡೆ ಕಟ್ಟುತ್ತಾರೆ. ಉಕ್ಕು ಉರಿಯದು ನಿಜ, ಆದರೆ ಸುಮಾರು 550 ಡಿಗ್ರಿಯ ಹೊತ್ತಿಗೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕುದುರೆಗಳನ್ನು ಬೇಗ ಹೊರಗೆ ಕರೆದೊಯ್ಯಲು ಒಂದಕ್ಕಿಂತ ಹೆಚ್ಚು ಅಗಲ ಬಾಗಿಲುಗಳು ಇರಲೇಬೇಕು. ಮಾಸ್ಕೋದ ಮರದ ಚಾವಣಿ 2004ರ ಮಾರ್ಚ್ 14ರಂದು ಬೆಂಕಿಗೆ ಆಹುತಿಯಾದಾಗ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು.

ತರಗತಿಯಲ್ಲಿ ಮಾಡಿ ನೋಡಿ

ಒಂದು ರಟ್ಟಿನ ಪಟ್ಟಿಯನ್ನು ಬಾಗಿಲ ಚೌಕಟ್ಟಿನಂತೆ ಮಡಚಿ ನುಣುಪಾದ ಮೇಜಿನ ಮೇಲೆ ನಿಲ್ಲಿಸಿ. ಮೂಲೆಗಳಿಗೆ ಅಂಟುಪಟ್ಟಿ ಹಾಕಿ ಬಿಗಿಮಾಡಿ. ನಡುವೆ ಬೆರಳಿನಿಂದ ಒತ್ತಿದರೆ ಕಾಲುಗಳು ಹೊರಕ್ಕೆ ಜಾರುತ್ತವೆ. ಎರಡೂ ಬದಿ ಪುಸ್ತಕಗಳನ್ನು ಒತ್ತರಿಸಿ ಮತ್ತೆ ಒತ್ತಿ. ಚೌಕಟ್ಟು ಎಷ್ಟು ಹೆಚ್ಚು ಹೊರುತ್ತದೆಂದು ಮಕ್ಕಳೇ ಹೇಳಲಿ.

ಮೇಲಿನ ಅಂಕಿಗಳು ಅಂದಾಜು ಮಾತ್ರ. ನಿಜವಾದ ಕಟ್ಟಡಕ್ಕೆ ಮಾನಕಗಳನ್ನು ಬಲ್ಲ ಎಂಜಿನಿಯರ್ ಬೇಕೇ ಬೇಕು. ಆದರೆ ನಿಮ್ಮ ಶಾಲೆಯ ಸೈಕಲ್ ಷೆಡ್ಡಿನ ತಗಡಿನ ತೂಕವನ್ನೂ ಅದನ್ನು ಎತ್ತಬಲ್ಲ ಗಾಳಿಯ ಬಲವನ್ನೂ ವಿದ್ಯಾರ್ಥಿಗಳು ಇದೇ ರೀತಿ ಹೋಲಿಸಬಹುದು. ಆಮೇಲೆ ಅದರ ಕಂಬದ ಬುಡದಲ್ಲಿ ಎಷ್ಟು ಕಾಂಕ್ರೀಟಿದೆ ಎಂದು ಒಮ್ಮೆ ವಿಚಾರಿಸಿ.