ಬಾಟಲಿ ಮನೆ, ಬಿಳಿ ಭೂತಗಳು

ಮನೆ ಕಟ್ಟೋಣ ಅಂದ್ರೆ ಮರ ಸಿಗಲ್ಲ. ಖಾಲಿ ಬಾಟಲಿ ಮಾತ್ರ ರಾಶಿ ರಾಶಿ. ಏನ್ ಮಾಡ್ತೀರಿ?

ಅಮೆರಿಕದ ನೆವಾಡ ಮರುಭೂಮಿಯ ರಯೋಲೈಟ್‌ನಲ್ಲಿ ಟಾಮ್ ಕೆಲ್ಲಿ ಅನ್ನೋರು 1906ರಲ್ಲಿ ಬಾಟಲಿಗಳನ್ನೇ ಇಟ್ಟಿಗೆ ಮಾಡ್ಕೊಂಡ್ರು. ಸುಮಾರು 50,000 ಬಾಟಲಿ, ಮಧ್ಯೆ ಮಣ್ಣಿನ ಗಾರೆ. ಹೆಚ್ಚಿನವು ಬಿಯರಿನವು. ಗಣಿ ಊರಲ್ಲಿ ಅದಕ್ಕೇನು ಬರ! ಮನೆ ಇವತ್ತಿಗೂ ನಿಂತಿದೆ.

1904ರಲ್ಲಿ ಇಲ್ಲಿ ಚಿನ್ನ ಸಿಕ್ತು. ನೋಡನೋಡ್ತಾ ರೈಲು, ಕರೆಂಟು, ಶಾಲೆ, ಮೂರಂತಸ್ತಿನ ಬ್ಯಾಂಕು ಎಲ್ಲಾ ಬಂತು. 1907ರ ಹಣಕಾಸು ಬಿಕ್ಕಟ್ಟು ಹೊಡೆತ ಕೊಡ್ತು. 1911ಕ್ಕೆ ದೊಡ್ಡ ಗಣಿ ಬಂದ್, 1916ಕ್ಕೆ ಕರೆಂಟೂ ಕಟ್. ನಮ್ಮ ಕೆಜಿಎಫ್ ನೂರು ವರ್ಷ ದಾಟಿ 2001ರವರೆಗೆ ಬದುಕಿತ್ತು. ಇದರದ್ದು ಹತ್ತು-ಹನ್ನೆರಡು ವರ್ಷದ ಜಾತ್ರೆ. ಆ ಬ್ಯಾಂಕಿನ ಮುರುಕು ಗೋಡೆಗಳ ಕಿಟಕಿಯಲ್ಲಿ ಈಗ ಬರೀ ಆಕಾಶ.

ಮಕ್ಕಳಿಗೆ ಕಲ್ಲುಗೋಡೆ ಬೇಜಾರಾ? ಪಕ್ಕದಲ್ಲೇ ಗೋಲ್ಡ್‌ವೆಲ್ ಬಯಲು ಮ್ಯೂಸಿಯಂ ಇದೆ. ಸಾಲಾಗಿ ನಿಂತ ಬಿಳಿ ಭೂತಗಳು, ಮುಸುಕಿನೊಳಗೆ ಮುಖವೇ ಇಲ್ಲ! ಬೆಲ್ಜಿಯಂ ಕಲಾವಿದ ಆಲ್ಬರ್ಟ್ ಶುಕಾಲ್ಸ್ಕಿ 1984ರಲ್ಲಿ ಮಾಡಿದ ಏಸುವಿನ ಕೊನೆಯ ಭೋಜನ ಇದು. ಜೀವಂತ ಮನುಷ್ಯರ ಮೇಲೆ ಪ್ಲಾಸ್ಟರಲ್ಲಿ ಅದ್ದಿದ ಬಟ್ಟೆ ಹೊದಿಸಿದ್ರು. ಬಟ್ಟೆ ಗಟ್ಟಿಯಾದ ಮೇಲೆ ಮನುಷ್ಯ ಹೊರಗೆ ಬಂದ, ಆಕಾರ ಅಲ್ಲೇ ನಿಲ್ತು. ನನ್ನ ಕೇಳಿದ್ರೆ, ಸಂಜೆ ಬೆಳಕಲ್ಲಿ ನೋಡ್ಬೇಕು.

ಪೆಟ್ರೋಲು, ನೀರು ಹತ್ತಿರದ ಬೀಟಿ ಊರಲ್ಲೇ ತುಂಬಿಸ್ಕೊಳ್ಳಿ. ಅಲ್ಲಿ ಬೀದಿ ಸುತ್ತೋ ಕಾಡುಕತ್ತೆಗಳು, ಹಿಂದೆ ಗಣಿಯವರು ಬಿಟ್ಟುಹೋದ ಕತ್ತೆಗಳ ಸಂತಾನ. ಚಕ್ಕುಲಿ ಡಬ್ಬಿ ತೆಗೆಯೋ ಮುಂಚೆ ಕಾರಿನ ಗಾಜು ಏರಿಸ್ಬಿಡಿ.