ಮೂರು ಗಾಲಿಯ ಹೊಸ ಬೈಕಿಗೆ ನಿಜಕ್ಕೂ ಏನು ಬೇಕು?

ಎರಡು ಗಾಲಿಯ ಬೈಕು ತಿರುವಿನಲ್ಲಿ ವಾಲುತ್ತದೆ. ಮೂರು ಗಾಲಿಯದು ಸಾಮಾನ್ಯವಾಗಿ ವಾಲುವುದಿಲ್ಲ. ಹೊಸ ಗಾಡಿಗೆ ಏನು ಹಾಕಿಸಬೇಕು, ಏನನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು ಎಂಬ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು. ಅಮೆರಿಕ, ಕೆನಡಾದಲ್ಲಿ ನೆಲೆಸಿ, ಮಂಡಿನೋವಿಗೋ ಬೀಳುವ ಭಯಕ್ಕೋ ಎರಡು ಗಾಲಿ ಬಿಟ್ಟು ಮೂರಕ್ಕೆ ಬರಬೇಕೆಂದಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು, ಕ್ಯಾನ್-ಆ್ಯಮ್ ಬ್ರ್ಯಾಂಡಿನ ಸ್ಪೈಡರ್ ಮತ್ತು ರೈಕರ್ ಗಾಡಿಗಳನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಕ್ಯಾನ್-ಆ್ಯಮ್ ಎಂಬುದು ಕೆನಡಾದ ಕ್ವೆಬೆಕ್ ಪ್ರಾಂತ್ಯದ ಬಿಆರ್‌ಪಿ ಕಂಪನಿಯ ಬ್ರ್ಯಾಂಡ್ ಹೆಸರು. ಸ್ಪೈಡರ್ 2007ರಲ್ಲಿ ಬಂತು, ರೈಕರ್ 2019ರ ಮಾಡೆಲ್ ಆಗಿ. ಎರಡಕ್ಕೂ ಮುಂದೆ ಎರಡು ಗಾಲಿ, ಹಿಂದೆ ಒಂದು. ನಮ್ಮ ಆಟೋರಿಕ್ಷಾಕ್ಕೆ ಇದು ತದ್ವಿರುದ್ಧ. ತಿರುವಿನಲ್ಲಿ ಬ್ರೇಕ್ ಹಾಕಿದರೆ ಆಟೋದ ಭಾರ ಮುಂದಕ್ಕೆ, ಹೊರಮಗ್ಗುಲಿಗೆ ಓಡುತ್ತದೆ. ಆ ಮೂಲೆಯಲ್ಲಿ ಆಸರೆಗೆ ಗಾಲಿಯೇ ಇಲ್ಲ. ಸ್ಪೈಡರಿನಲ್ಲಿ ಅದೇ ಭಾರವನ್ನು ಹೊರಗಿನ ಮುಂಗಾಲಿ ಹೊರುತ್ತದೆ. ಜೊತೆಗೆ, ಒಳಗಾಲಿ ನೆಲ ಬಿಡುವ ಲಕ್ಷಣ ಕಂಡರೆ ಗಾಡಿಯ ಸ್ಥಿರತಾ ವ್ಯವಸ್ಥೆ ಎಂಜಿನ್ನಿನ ಶಕ್ತಿ ತಗ್ಗಿಸಿ, ಬೇಕಾದ ಗಾಲಿಗೆ ತಾನೇ ಬ್ರೇಕ್ ಹಾಕುತ್ತದೆ. ಅಂದರೆ ಸುರಕ್ಷತೆಯ ದೊಡ್ಡ ಕೆಲಸ ಕಾರ್ಖಾನೆಯಲ್ಲೇ ಆಗಿದೆ. ನಾವು ಹಾಕಿಸುವ ಯಾವುದೂ ಅದಕ್ಕೆ ಅಡ್ಡ ಬರಬಾರದು.

ಮೊದಮೊದಲು ಓಡಿಸುವವರಿಗೆ ಗಾಡಿ ಅತ್ತಿತ್ತ ಚಡಪಡಿಸಿದಂತೆ ಅನಿಸುವುದುಂಟು. ಬಹಳಷ್ಟು ಸಲ ಅದಕ್ಕೆ ಕಾರಣ ಗಾಡಿಯಲ್ಲ, ಕೈಗಳು. ವಾಲುವ ಬೈಕಿನಲ್ಲಿ ತಿರುವಿನ ಒತ್ತಡ ನಮ್ಮನ್ನು ನೇರ ಸೀಟಿನೊಳಕ್ಕೆ ಅದುಮುತ್ತದೆ. ಇಲ್ಲಿ ಅದು ಪಕ್ಕಕ್ಕೆ ನೂಕುತ್ತದೆ. ಬೀಳದಿರಲು ಹ್ಯಾಂಡಲ್ ಬಿಗಿ ಹಿಡಿದರೆ ಆ ಬಿಗಿತವೇ ಸ್ಟಿಯರಿಂಗಿಗೆ ಹೋಗಿ ಗಾಡಿ ಎಳೆದಾಡುತ್ತದೆ. ಆದ್ದರಿಂದ ಕೈ ಸಡಿಲಾಗಿ, ಮೈ ತಿರುವಿನ ಒಳಗಡೆಗೆ ಬಾಗುವುದು ರೂಢಿಯಾಗುವ ತನಕ ಏನನ್ನೂ ಕೊಳ್ಳಬೇಡಿ ಎಂಬುದು ನನ್ನ ಖಚಿತ ಸಲಹೆ.

ಈ ಅವಧಿಯಲ್ಲಿ ದುಡ್ಡಿಲ್ಲದೆ ಆಗುವ ಕೆಲಸಗಳನ್ನು ಮುಗಿಸಿ. ಎಲ್ಲಕ್ಕಿಂತ ಮೊದಲು ಟೈರಿನ ಗಾಳಿ. ಈ ಟೈರುಗಳು ನೋಡಲು ಕಾರಿನವು, ಆದರೆ ಹೊರುವ ಭಾರ ಕಾರಿನದಲ್ಲ. ಸ್ಪೈಡರಿನ ಮುಂಗಾಲಿಗೆ ಬೇಕಾದದ್ದು 20 ಪಿಎಸ್‌ಐ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಹಿಂಗಾಲಿಗೆ ತುಸು ಹೆಚ್ಚು. ಕಾರಿನ ಲೆಕ್ಕದಲ್ಲಿ 32 ತುಂಬಿದರೆ ಮುಂಭಾಗ ಪುಟಿಯುತ್ತದೆ, ಹಿಡಿತ ಕಡಿಮೆಯಾಗುತ್ತದೆ. ನಿಮ್ಮ ಮಾಡೆಲ್‌ಗೆ ಹೇಳಿದ ಅಂಕಿಯನ್ನೇ, ಟೈರು ತಣ್ಣಗಿರುವಾಗ ಅಳೆದು ತುಂಬಿಸಿ. ಆಮೇಲೆ ಕಾಲಿಡುವ ಪೆಗ್ಗು ಮತ್ತು ಹ್ಯಾಂಡಲ್. ರೈಕರಿನಲ್ಲಿ ಇವೆರಡನ್ನೂ ಸ್ಪ್ಯಾನರ್ ಇಲ್ಲದೆಯೇ ಹಿಂದೆಮುಂದೆ ಸರಿಸಬಹುದು. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವುದಾದರೆ ಹಿಂದಿನ ಸ್ಪ್ರಿಂಗಿನ ಬಿಗಿತವನ್ನೂ ಹೊಂದಿಸಬೇಕು.

ಇಷ್ಟಾದ ಮೇಲೂ ತಿರುವಿನಲ್ಲಿ ಗಾಡಿಯ ಮೈ ಹೊರಕ್ಕೆ ಒರಗುತ್ತಿದೆ ಅನಿಸಿದರೆ, ದುಡ್ಡು ಹಾಕಬೇಕಾದ ಮೊದಲ ಜಾಗ ಮುಂದಿನ ಆ್ಯಂಟಿ-ರೋಲ್ ಬಾರ್. ಅಮೆರಿಕದವರು ಸ್ವೇ ಬಾರ್ ಎನ್ನುವುದು ಇದನ್ನೇ. ಎರಡೂ ಮುಂಗಾಲಿಗಳ ಸಸ್ಪೆನ್ಷನ್ನನ್ನು ಜೋಡಿಸುವ ಉಕ್ಕಿನ ಸರಳು ಇದು. ಎರಡು ಗಾಲಿಯೂ ಒಟ್ಟಿಗೆ ಮೇಲೇರಿದರೆ ಇದಕ್ಕೆ ಕೆಲಸವಿಲ್ಲ. ತಿರುವಿನಲ್ಲಿ ಹೊರಗಾಲಿಯ ಕಡೆ ಮಾತ್ರ ಕುಸಿದಾಗ ಸರಳು ತಿರುಚಿಕೊಳ್ಳುತ್ತದೆ, ತಿರುಚಲು ಒಪ್ಪದೆ ಎದುರು ಒತ್ತುತ್ತದೆ, ಮೈ ಮಟ್ಟಸವಾಗಿ ಉಳಿಯುತ್ತದೆ. ಹಿಂದೆ ಇರುವುದು ಒಂದೇ ಗಾಲಿ. ಅದು ಈ ಒರಗುವಿಕೆಯನ್ನು ತಡೆಯಲಾರದು. ಹಾಗಾಗಿ ಇಡೀ ಹೊಣೆ ಮುಂಭಾಗದ್ದು. ಸರಳಿನ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ: ವ್ಯಾಸ ಶೇಕಡಾ 20ರಷ್ಟು ಹೆಚ್ಚಾದರೆ ಬಿಗಿತ ಎರಡು ಪಟ್ಟು ದಾಟುತ್ತದೆ. ಕಣ್ಣಿಗೆ ಅಷ್ಟೇನೂ ದಪ್ಪ ಕಾಣದ ಸರಳಿನಿಂದ ಗಾಡಿಯ ನಡತೆಯೇ ಬದಲಾಗುವುದು ಇದರಿಂದ. ಅತಿಯಾದರೆ ಮಾತ್ರ ತೊಂದರೆ. ಒಂದು ಗಾಲಿ ಗುಂಡಿಗೆ ಬಿದ್ದ ಹೊಡೆತ ಇನ್ನೊಂದಕ್ಕೂ ದಾಟುತ್ತದೆ. ನೇರ ಹೆದ್ದಾರಿಯಲ್ಲಷ್ಟೇ ಓಡಾಡುವವರಿಗೆ ಈ ಖರ್ಚಿನ ಅಗತ್ಯವಿಲ್ಲ. ಘಟ್ಟದ ರಸ್ತೆ ಇಷ್ಟಪಡುವವರಿಗೆ ಇದರಷ್ಟು ಬೆಲೆ ಬಾಳುವ ಬದಲಾವಣೆ ಇನ್ನೊಂದಿಲ್ಲ.

ಇದರ ಜೊತೆಗೇ ನೋಡಬೇಕಾದದ್ದು ವೀಲ್ ಅಲೈನ್‌ಮೆಂಟ್. ಮುಂಗಾಲಿಗಳೆರಡೂ ಒಂದಕ್ಕೊಂದು ಸರಿಯಿದ್ದರೆ ಸಾಲದು, ಹಿಂದಿನ ಒಂಟಿ ಗಾಲಿಯ ನಡುಗೆರೆಗೂ ಹೊಂದಬೇಕು. ಅದಕ್ಕೇ ಇದನ್ನು ಬಲ್ಲ ಮೆಕ್ಯಾನಿಕ್‌ಗಳು ಲೇಸರ್ ಹಿಡಿದು ಅಳೆಯುತ್ತಾರೆ. ಗಾಡಿ ಒಂದೇ ಕಡೆ ಎಳೆದರೆ ತಕ್ಷಣ ಅಲೈನ್‌ಮೆಂಟನ್ನು ದೂರಬೇಡಿ. ಅಮೆರಿಕದ ರಸ್ತೆಗಳು ಮಳೆನೀರು ಹರಿಯಲೆಂದು ಬಲ ಅಂಚಿನ ಕಡೆ ಇಳಿಜಾರಾಗಿರುತ್ತವೆ. ಮಟ್ಟವಾದ ಖಾಲಿ ಜಾಗದಲ್ಲೂ ಎಳೆದರೆ, ಇಲ್ಲವೇ ಟೈರಿನ ಒಂದೇ ಅಂಚು ಸವೆದರೆ ಮಾಡಿಸಿ.

ಮೈಯ ಸೌಕರ್ಯಕ್ಕೆ ಹಾಕುವ ದುಡ್ಡನ್ನು ನಾನು ಎಂದೂ ದಂಡ ಎನ್ನಲಾರೆ. ಪಕ್ಕಕ್ಕೆ ನೂಕುವ ಗಾಡಿಯಲ್ಲಿ ಸೊಂಟಕ್ಕೆ ಆಸರೆ ಕೊಡುವ ಸೀಟು ಬರೀ ಸುಖಕ್ಕಲ್ಲ. ಸೊಂಟ ನಿಂತರೆ ಕೈ ಸಡಿಲಾಗುತ್ತದೆ. ಹಿಂದೆ ಕೂತವರಿಗೆ ಹಿಡಿಯಲು ಮುಂದಿನ ಹ್ಯಾಂಡಲ್ಲೂ ಇಲ್ಲ, ತಿರುವು ಬರುವುದು ಮೊದಲೇ ತಿಳಿಯುವುದೂ ಇಲ್ಲ. ಹೆಂಡತಿಯನ್ನೋ ಮಗಳನ್ನೋ ಕೂರಿಸಿಕೊಂಡು ದೂರ ಹೋಗುವವರು ಬೆನ್ನಾಸರೆಯನ್ನು ಹೊರಡುವ ಮುಂಚೆಯೇ ಹಾಕಿಸಲಿ. ಬೇಸಿಕ್ ರೈಕರ್ ಒಬ್ಬರೇ ಕೂರುವ ಗಾಡಿ. ಇಬ್ಬರಿಗಾಗಲಿ ಡಿಕ್ಕಿ ಪೆಟ್ಟಿಗೆಗಾಗಲಿ ಮ್ಯಾಕ್ಸ್ ಮೌಂಟ್ ಎಂಬ ಹಿಂದಿನ ಚೌಕಟ್ಟು ಬೇಕು. ರ‍್ಯಾಲಿ ಮಾಡೆಲ್‌ನಲ್ಲಿ ಅದು ಮೊದಲೇ ಇರುತ್ತದೆ. ಕೊಳ್ಳುವ ಮುನ್ನವೇ ಈ ಲೆಕ್ಕ ಹಾಕಿದರೆ ಒಳ್ಳೆಯದು. ಗಾಳಿತಡೆಯ ಗಾಜು ಎತ್ತರವಿದ್ದಷ್ಟೂ ಒಳ್ಳೆಯದೆಂಬುದು ತಪ್ಪು. ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದು, ರಸ್ತೆ ಗಾಜಿನ ಮೇಲಿನಿಂದ ಕಾಣಬೇಕು. ಇಲ್ಲದಿದ್ದರೆ ಮಳೆಯಲ್ಲಿ, ರಾತ್ರಿಯಲ್ಲಿ ಕಷ್ಟ.

ಹೆಚ್ಚುವರಿ ಬ್ರೇಕ್ ಲೈಟು ಅಗ್ಗ, ಉಪಯುಕ್ತ. ಸದ್ದು ಮಾಡುವ ಸೈಲೆನ್ಸರ್, ಎಂಜಿನ್ ಟ್ಯೂನಿಂಗ್ ಹೊಸ ಗಾಡಿಗೆ ಬೇಡವೇ ಬೇಡ. ಟೈರನ್ನೂ ಸವೆಯುವ ಮುಂಚೆ ಬದಲಿಸಬೇಡಿ. ಬದಲಿಸುವಾಗ ಹೊರವ್ಯಾಸ ಮೂಲದ್ದೇ ಇರಲಿ: ಸ್ಥಿರತಾ ವ್ಯವಸ್ಥೆ ಮುಂಗಾಲಿ, ಹಿಂಗಾಲಿಗಳ ವೇಗವನ್ನು ಸದಾ ಹೋಲಿಸುತ್ತಿರುತ್ತದೆ, ಅಳತೆ ತಪ್ಪಿದರೆ ಗಾಲಿ ಜಾರುತ್ತಿದೆ ಎಂದು ಅದು ತಪ್ಪಾಗಿ ತಿಳಿದುಕೊಳ್ಳಬಹುದು. ಅಗಲ ಟೈರು, ಕಡಿಮೆ ತೂಕ ಸೇರಿದರೆ ನಿಂತ ನೀರಿನ ಮೇಲೆ ತೇಲುವ ಅಪಾಯವೂ ಇದೆ. ಹಾಗಾಗಿ ಟೈರಿನ ಹಳ್ಳ ಸವೆದರೆ, ಬೇರೆಲ್ಲ ಖರ್ಚಿಗಿಂತ ಮೊದಲು ಅದನ್ನು ಬದಲಿಸಲು ದುಡ್ಡು ಎತ್ತಿಡಿ.

ಹೊರಗಿನ ಭಾಗ ಹಾಕಿಸಿದರೆ ವಾರಂಟಿ ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ, ಬರೀ ಬೇರೆಯವರ ಭಾಗ ಹಾಕಿದ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ. ಆ ಭಾಗದಿಂದಲೇ ಕೆಟ್ಟಿದೆ ಎಂದಾದರೆ ಮಾತ್ರ ಆ ರಿಪೇರಿಯ ಖರ್ಚು ನಿಮ್ಮದು. ಆದ್ದರಿಂದ ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಅದು ತಂದ ವ್ಯತ್ಯಾಸ ಓಡಿಸಿ ನೋಡಿ, ಬಿಲ್ಲುಗಳ ಜೊತೆ ಬಿಚ್ಚಿದ ಮೂಲ ಭಾಗಗಳನ್ನೂ ಎತ್ತಿಡಿ.